ಗಿರಿಯ ಮನೆ, ಸಂತೆಯ ಮನೆ: ಬೇಸಿಗೆಯ ಸಂಗೀತೋತ್ಸವ ಮತ್ತು ವಚನಗಾಯನ

ಬೇಸಿಗೆ ಬಂದೊಡನೆ ಶಾಸ್ತ್ರೀಯ ಸಂಗೀತವನ್ನು ಬೆಟ್ಟದ ನಾಡಿಗೆ ಕೊಂಡೊಯ್ಯುವ ಪದ್ಧತಿಯು ಪಾಶ್ಚಾತ್ಯ ದೇಶಗಳಲ್ಲಿ ಕಳೆದ ಶತಮಾನದಲ್ಲಿ ಆಳವಾಗಿ ಬೇರೂರಿತು. ನಗರದ ಸಭಾಗೃಹಗಳು ಬಾಗಿಲು ಹಾಕಿಕೊಂಡಿರುವ ತಿಂಗಳುಗಳಲ್ಲಿ ಗಾಯಕ ವಾದಕರೂ ಶ್ರೋತೃಗಳೂ ತಂಪಾದ ಎತ್ತರದ ಊರೊಂದರಲ್ಲಿ ಕೂಡುವುದು, ಹಗಲು ಕಾಡುಮೇಡುಗಳಲ್ಲಿ ಸುತ್ತಾಡಿ ಸಂಜೆ ಸಂಗೀತ ಕೇಳುವುದು ಇದರ ಕ್ರಮ. ಅಮೆರಿಕದ ಕೊಲರಾಡೊ ಪ್ರಾಂತದ ಆಸ್ಪೆನ್ ಎಂಬ ಊರಿನಲ್ಲಿ ಇಂಥ ಉತ್ಸವವು 1949ರಲ್ಲಿ, ಜರ್ಮನ್ ಮಹಾಕವಿ ಗೊಯೆಥೆಯ ದ್ವಿಶತಮಾನೋತ್ಸವದ ನಿಮಿತ್ತದಿಂದ ಆರಂಭವಾಯಿತು. ಬೆಳ್ಳಿಯ ಗಣಿ ನಿಂತುಹೋಗಿ ಕಳೆಗುಂದಿದ್ದ ಆ ಊರು ಸಂಗೀತದಿಂದ ಮತ್ತೆ ಹೆಸರಾಯಿತು. ಆದರೆ ಈ ಬಗೆಯ ಉತ್ಸವದ ಗುಣದೋಷಗಳನ್ನು ತೂಗಿ ನೋಡಲು ಕನ್ನಡಿಗನಿಗೆ ಹೆಚ್ಚು ಉಚಿತವಾದ ಉದಾಹರಣೆಯೆಂದರೆ ಸ್ವಿಟ್ಜರ್‌ಲೆಂಡಿನ ಗ್ಸ್ಟಾಡ್ ಉತ್ಸವ. ಅದರ ಪ್ರವರ್ತಕನ ಬಾಳಿನಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನ ಒಬ್ಬ ಕನ್ನಡಿಗರ ಪಾತ್ರವಿದೆ.

ಪ್ರಸಿದ್ಧ ಪಿಟೀಲುವಾದಕ ಯೆಹೂದಿ ಮೆನುಹಿನ್ 1952ರಲ್ಲಿ ಭಾರತಕ್ಕೆ ಬಂದಾಗ ಮುಂಬಯಿಯಲ್ಲಿ ಯೋಗಾಚಾರ್ಯ ಬಿ. ಕೆ. ಎಸ್. ಅಯ್ಯಂಗಾರರ ಪರಿಚಯವಾಯಿತು. ಎಳೆತನದಿಂದಲೇ ಕಛೇರಿಗಳ ಭಾರ ಹೊತ್ತು ದಣಿದಿದ್ದ ಆ ಕಲಾವಿದನಿಗೆ ಅಯ್ಯಂಗಾರರು ಆಸನಗಳಿಂದ ವಿಶ್ರಾಂತಿಯ ಮಾರ್ಗವನ್ನು ತೋರಿದರು. 1954ರಲ್ಲಿ ಮೆನುಹಿನ್ ಅವರನ್ನು ಗ್ಸ್ಟಾಡಿಗೆ ಕರೆಸಿಕೊಂಡನು. ತನ್ನ ಅತ್ಯುತ್ತಮ ಪಿಟೀಲು ಗುರು ಅಯ್ಯಂಗಾರರೇ ಎಂಬ ಅರ್ಥದ ಮಾತನ್ನು ಕೆತ್ತಿಸಿದ ಕೈಗಡಿಯಾರವೊಂದನ್ನು ಕಾಣಿಕೆಯಾಗಿತ್ತನು. ಪಿಟೀಲನ್ನು ಹಿಡಿದೇ ಅರಿಯದವರನ್ನು ಪಿಟೀಲಿನ ಗುರುವೆಂದು ಕರೆದುದರಲ್ಲಿ ಸೊಗಸಿದೆ. ದೇಹವು ಹದಗೊಳ್ಳದೆ ನಾದವು ಹದಗೊಳ್ಳದೆಂಬ ತಿಳಿವು ಅಲ್ಲಿದೆ. ತನ್ನ ಒಡಲನ್ನೇ ವೀಣೆಯಾಗಿ ಮಾಡಿಕೊಂಡು ನುಡಿಸೆಂದು ಕೂಡಲಸಂಗಮದೇವನನ್ನು ಬೇಡಿದ ಬಸವಣ್ಣನವರ ವಚನವನ್ನು ಬಲ್ಲವರಿಗೆ ಈ ತಿಳಿವು ಹೊಸದೆನಿಸದು.

ಇದಾದ ಮೂರು ವರ್ಷಗಳಿಗೆ, 1957ರ ಆಗಸ್ಟಿನಲ್ಲಿ, ಗ್ಸ್ಟಾಡ್ ಉತ್ಸವ ಹುಟ್ಟಿತು. ಬೇಸಿಗೆಯಲ್ಲಿ ಬರುವ ಪ್ರವಾಸಿಗಳಿಗೆ ಏನಾದರೊಂದು ಆಕರ್ಷಣೆ ಬೇಕೆಂದು ಊರಿನ ಪ್ರವಾಸ ವ್ಯವಸ್ಥಾಪಕರು ಮೆನುಹಿನ್‌ನನ್ನು ಕೇಳಿಕೊಂಡರು. ಅವನು ಒಪ್ಪಿ ತನ್ನ ಮಿತ್ರರನ್ನು ಕರೆದನು. ರಚನಕಾರ ಬೆಂಜಮಿನ್ ಬ್ರಿಟನ್, ಗಾಯಕ ಪೀಟರ್ ಪಿಯರ್ಸ್, ಚೆಲ್ಲೊ ವಾದಕ ಮೊರಿಸ್ ಜೆಂಡ್ರನ್ ಬಂದರು. ನಡೆದುದು ಎರಡೇ ಕಛೇರಿಗಳು. ನಡೆದ ಸ್ಥಳ ಪಕ್ಕದ ಸಾನೆನ್ ಎಂಬ ಹಳ್ಳಿಯ ಹಳೆಯ ಇಗರ್ಜಿ. ಸಂಗೀತಕ್ಕೆಂದು ಕಟ್ಟಿದ ಮನೆಯಲ್ಲ ಅದು. ಊರಿನ ಜನ ತಮ್ಮ ಮದುವೆಗೂ ಮರಣಕ್ಕೂ ಕೂಡುವ ಗುಡಿ. ಮರದ ಆಸನಗಳು, ಬಣ್ಣ ಮಾಸಿದ ಭಿತ್ತಿಚಿತ್ರಗಳು, ನೂರಾರು ವರ್ಷ ಪ್ರಾರ್ಥನೆ ಕೇಳಿದ ಗೋಡೆಗಳು. ಇಂದು ಆ ಉತ್ಸವವು ಜುಲೈ ಮಧ್ಯದಿಂದ ಸೆಪ್ಟೆಂಬರಿನ ಆರಂಭದವರೆಗೆ ಸುಮಾರು ಏಳು ವಾರ ನಡೆಯುತ್ತದೆ. ವಾದ್ಯವೃಂದಗಳಿಗಾಗಿ ವಿಶಾಲವಾದ ಡೇರೆ ಏಳುತ್ತದೆ. ತರುಣರಿಗೆ ಶಿಕ್ಷಣ ಶಿಬಿರಗಳಿವೆ. ಆದರೂ ಸಾನೆನ್ನಿನ ಇಗರ್ಜಿಯನ್ನು ಬಿಟ್ಟಿಲ್ಲವೆಂಬುದು ಪ್ರಶಂಸಾರ್ಹ.

ಈ ವೃತ್ತಾಂತದಲ್ಲಿ ಎರಡು ಎಳೆಗಳು ಹೆಣೆದುಕೊಂಡಿವೆ. ಒಂದು, ಪ್ರವಾಸಿಗನ ಹವಾಮಾನ. ಇನ್ನೊಂದು, ನಾಲ್ವರು ಮಿತ್ರರು ಒಂದು ಗುಡಿಯಲ್ಲಿ ಕುಳಿತು ನುಡಿಸಿದ ನಿಜವಾದ ಸಂಗೀತ. ಮೊದಲನೆಯದು ನಿಮಿತ್ತ, ಎರಡನೆಯದು ಫಲ. ಫಲವು ಒಳ್ಳೆಯದಾದುದರಿಂದ ನಿಮಿತ್ತವೂ ಘನವಾದುದೆಂದು ತಿಳಿಯುವುದು ಸರಿಯಾಗದು. ಬೆಟ್ಟದ ಮೌನದಲ್ಲಿ ಮಾತ್ರ ಸಂಗೀತವು ಶುದ್ಧವಾಗುತ್ತದೆ, ಊರಿನ ಗದ್ದಲದಲ್ಲಿ ಅದು ಕೆಡುತ್ತದೆ ಎಂಬ ಒಂದು ನಂಬಿಕೆ ಇಂಥ ಉತ್ಸವಗಳ ಸುತ್ತ ಬೆಳೆದಿದೆ. ಕನ್ನಡ ನಾಡಿನ ಗಿರಿಧಾಮಗಳಲ್ಲಿಯೂ ಇಂಥವು ನಡೆಯಲೆಂದು ಸಂಗೀತಪ್ರಿಯರು ಬಯಸುವುದು ಸಹಜ. ನಡೆದರೆ ಅಲ್ಲಿ ವಚನಗಾಯನಕ್ಕೂ ಒಂದು ಮೂಲೆ ಸಿಕ್ಕುವುದು ನಿಶ್ಚಯ. ಆ ಮೂಲೆಯಲ್ಲಿ ವಚನಕ್ಕೆ ಒದಗುವ ಗತಿಯೇನೆಂಬುದು ವಿಚಾರಣೀಯ.

ಬೆಟ್ಟ ಮತ್ತು ಗದ್ದಲ ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ ವಚನವೊಂದು ಅಕ್ಕಮಹಾದೇವಿಯದಿದೆ. ಇಂದು ಅದು ಎಷ್ಟು ಜನಪ್ರಿಯವೆಂದರೆ ವಚನಗಾಯನದ ಸಭೆಗಳಲ್ಲಿ ಕೇಳಿಬರದಿರುವುದೇ ಅಪರೂಪ. ಗಿರಿಯ ನೆತ್ತಿಯಲ್ಲಿ ಮನೆ ಹೂಡಿದವರು ಕಾಡುಪ್ರಾಣಿಗಳಿಗೆ ಹೆದರಿ ಫಲವೇನು, ಕಡಲ ದಂಡೆಯಲ್ಲಿ ಮನೆ ಹೂಡಿದವರು ಅಲೆಗಳಿಗೆ ಹೆದರಿ ಫಲವೇನು, ಸಂತೆಯ ನಡುವೆ ಮನೆ ಹೂಡಿದವರು ಸದ್ದಿಗೆ ಸಂಕೋಚಪಟ್ಟು ಫಲವೇನು ಎಂದು ಮೂರು ಪ್ರಶ್ನೆಗಳನ್ನು ಕೇಳಿ, ಬಳಿಕ ಚೆನ್ನಮಲ್ಲಿಕಾರ್ಜುನನನ್ನು ಕರೆದು, ಲೋಕದಲ್ಲಿ ಹುಟ್ಟಿದ ಮೇಲೆ ಹೊಗಳಿಕೆ ತೆಗಳಿಕೆಗಳು ಬಂದಾಗ ಸಿಟ್ಟಾಗದೆ ಸಮಾಧಾನದಿಂದಿರಬೇಕೆಂಬಲ್ಲಿಗೆ ಆ ವಚನ ತಲುಪುತ್ತದೆ.

ಇದನ್ನು ಸಾಮಾನ್ಯವಾಗಿ ತಾಳ್ಮೆಯ ಉಪದೇಶವೆಂದು ಶಾಲೆಗಳಲ್ಲಿ ಬೋಧಿಸಿ ಮುಗಿಸಲಾಗುತ್ತದೆ. ಅಷ್ಟಕ್ಕೇ ನಿಲ್ಲಿಸಿದರೆ ವಚನದ ಕಟ್ಟು ಕಾಣದೆ ಹೋಗುತ್ತದೆ. ಮೊದಲ ಎರಡು ಮನೆಗಳಿಗೆ ಅಕ್ಕನು ಬಳಸಿದ ಕ್ರಿಯಾಪದ ಅಂಜುವುದು. ಮೂರನೆಯದಕ್ಕೆ ಮಾತ್ರ ನಾಚುವುದು. ಮೃಗಕ್ಕೂ ತೆರೆಗೂ ಅಂಜಿಕೆ ಸಾಜ. ಸದ್ದಿಗೆ ಯಾರೂ ಅಂಜುವುದಿಲ್ಲ. ಇತರರು ಕೇಳುತ್ತಾರಲ್ಲ, ನೋಡುತ್ತಾರಲ್ಲ ಎಂದು ನಾಚುತ್ತಾರೆ. ಅಂಜಿಕೆಯು ಪ್ರಕೃತಿಯ ಎದುರಿನದು, ನಾಚಿಕೆಯು ಜನರ ಎದುರಿನದು. ಈ ಒಂದು ಪದದ ಪಲ್ಲಟದಿಂದ ವಚನವು ಗಿರಿಯಿಂದ ಇಳಿದು, ಕಡಲ ದಂಡೆಯನ್ನು ದಾಟಿ, ಜನಸಮೂಹದ ನಡುವೆ ಬಂದು ನಿಲ್ಲುತ್ತದೆ. ಹಾಗೆ ಬಂದು ನಿಂತುದರಿಂದಲೇ ಮುಂದಿನ ಸ್ತುತಿನಿಂದೆಯ ಮಾತು ಅಲ್ಲಿ ಸಹಜವಾಗಿ ಹುಟ್ಟುತ್ತದೆ. ಮೂರು ದೃಷ್ಟಾಂತಗಳು ಮೂರು ಸರಿಸಮ ಮಣಿಗಳಲ್ಲ, ಮೂರು ಮೆಟ್ಟಿಲುಗಳು. ಮೂರನ್ನೂ ಇಳಿದವರಿಗೆ ಮಾತ್ರ ಕಡೆಯ ಮಾತು ದಕ್ಕುತ್ತದೆ.

ಅಕ್ಕನ ದೃಷ್ಟಿಯಲ್ಲಿ ಬೆಟ್ಟವು ಆಶ್ರಯವಲ್ಲವೆಂಬುದು ಇದರಿಂದ ಸ್ಪಷ್ಟ. ಸಂತೆಯ ಗದ್ದಲ ಸಾಕಾಯಿತೆಂದು ಗಿರಿಗೆ ಹೋದವನಿಗೆ ಅಲ್ಲಿ ಮೃಗಗಳಿವೆ. ಗಿರಿಯಲ್ಲಿ ಮೃಗವಿಲ್ಲದ ಮನೆ, ಕಡಲಲ್ಲಿ ತೆರೆಯಿಲ್ಲದ ದಂಡೆ ಬೇಕೆನ್ನುವವನು ಗಿರಿಯನ್ನೂ ಬಯಸಿದವನಲ್ಲ, ಕಡಲನ್ನೂ ಬಯಸಿದವನಲ್ಲ. ಬೇಸಿಗೆಯ ಗಿರಿಧಾಮವು ಇಂಥದೇ ಬಯಕೆಯ ಸೃಷ್ಟಿ. ಪೇಟೆಯ ಸೌಕರ್ಯಗಳೆಲ್ಲವೂ ಬೆಟ್ಟದ ಮೇಲಿರಬೇಕು, ಬೆಟ್ಟದ ಕಷ್ಟ ಯಾವುದೂ ಇರಬಾರದು. ಅಲ್ಲಿಗೆ ಬಂದ ಗಾಯಕನಿಗಾದರೂ ಸ್ತುತಿನಿಂದೆಗಳು ತಪ್ಪುವುದಿಲ್ಲ. ಸಾವಿರ ಅಡಿ ಮೇಲೇರಿದ ಮಾತ್ರಕ್ಕೆ ಚಪ್ಪಾಳೆಯ ಆಸೆ ಕೆಳಗುಳಿಯುವುದೆ?

ಅಕ್ಕನು ತಾನೇ ಗಿರಿಗೆ ಹೋದವಳಲ್ಲವೆ ಎಂಬ ಆಕ್ಷೇಪ ಇಲ್ಲಿ ಏಳಬಹುದು. ಹೋದುದು ನಿಜ, ಶ್ರೀಶೈಲಕ್ಕೆ. ಆದರೆ ಅದು ತಂಪನ್ನು ಅರಸಿ ಹೋದ ಗಿರಿಯಲ್ಲ. ಆಳಂದ ತಾಲೂಕಿನ ಮಟಕಿ ಮೊದಲಾದ ಊರುಗಳಿರುವ ಕಲಬುರ್ಗಿ ಸೀಮೆಯೂ ಶ್ರೀಶೈಲದ ದೇವಾಲಯವೂ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿವೆ, ಸುಮಾರು ಒಂದೂವರೆ ಸಾವಿರ ಅಡಿ. ಈ ಸೀಮೆಯಿಂದ ಶ್ರೀಶೈಲಕ್ಕೆ ಹೋಗುವ ಭಕ್ತನು ಎತ್ತರದ ಲೆಕ್ಕದಲ್ಲಿ ಏನನ್ನೂ ಗಳಿಸುವುದಿಲ್ಲ. ಕೃಷ್ಣೆಯ ಕೊಳ್ಳವನ್ನೂ ನಲ್ಲಮಲೆಯ ಕಾಡನ್ನೂ ಹಾಯ್ದು, ಏರಿ ಇಳಿದು, ತನ್ನ ಊರಿನ ಮಟ್ಟಕ್ಕೇ ಬಂದು ನಿಲ್ಲುತ್ತಾನೆ. ಕಾಲವಾದರೂ ಎಂಥದು? ಯುಗಾದಿ. ಬಿಸಿಲು ನೂರು ಡಿಗ್ರಿ ದಾಟುವ ದಿನಗಳು. ಕಲಬುರ್ಗಿ, ರಾಯಚೂರು, ವಿಜಯಪುರ, ಬಾಗಲಕೋಟೆಗಳ ಕಡೆಯಿಂದ ಸಾವಿರಾರು ಜನ ಕಾಲ್ನಡೆಯಿಂದ ಮಲ್ಲಯ್ಯನನ್ನು ಕಾಣಲು ಹೊರಡುವುದು ಇದೇ ಉರಿಬಿಸಿಲಿನಲ್ಲಿ. ದಾರಿಯುದ್ದಕ್ಕೂ ಹಾಡು ಇದ್ದೇ ಇರುತ್ತದೆ. ಆ ಹಾಡಿಗೆ ವೇದಿಕೆಯಿಲ್ಲ, ಟಿಕೀಟಿಲ್ಲ, ಹಾಡುವವರು ಬೇರೆ ಕೇಳುವವರು ಬೇರೆ ಎಂಬ ವಿಂಗಡಣೆಯಿಲ್ಲ. ಬಾಯಾರಿದ ಗಂಟಲಿನ ಹಾಡದು. ಶ್ರುತಿಶುದ್ಧಿಯನ್ನು ಅಲ್ಲಿ ಹುಡುಕಬಾರದು. ಬೇಸಿಗೆ, ಬೆಟ್ಟ, ಗಾನ ಮೂರೂ ಅಲ್ಲಿ ಕೂಡಿವೆ, ಆದರೆ ಗಿರಿಧಾಮದ ಉತ್ಸವಕ್ಕೆ ತೀರ ವಿರುದ್ಧವಾದ ರೀತಿಯಲ್ಲಿ.

ಕನ್ನಡ ನಾಡಿನಲ್ಲಿ ಬೇಸಿಗೆಯ ಶಾಸ್ತ್ರೀಯ ಸಂಗೀತೋತ್ಸವವೇ ಇಲ್ಲವೆಂದಲ್ಲ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಉತ್ಸವವು 1939ರಲ್ಲಿ ಆರಂಭವಾಗಿ, ಕೋಟೆ ಹೈಸ್ಕೂಲಿನ ಮೈದಾನದ ಚಪ್ಪರದಲ್ಲಿ ತಿಂಗಳುಗಟ್ಟಲೆ ನಡೆಯುವ ಮಹೋತ್ಸವವಾಗಿ ಬೆಳೆಯಿತು. ಕುತೂಹಲದ ಸಂಗತಿಯೆಂದರೆ ಬೆಂಗಳೂರು ಮೂರು ಸಾವಿರ ಅಡಿ ಎತ್ತರದ ಊರು. ಸಾನೆನ್ ಹಳ್ಳಿಗಿಂತ ಮುನ್ನೂರು ಅಡಿಯಷ್ಟೇ ಕೆಳಗೆ. ಆದರೂ ಚಾಮರಾಜಪೇಟೆಯ ಚಪ್ಪರವನ್ನು ಯಾರೂ ಬೆಟ್ಟದ ಉತ್ಸವವೆನ್ನಲಿಲ್ಲ. ಅದು ಬೇಸಿಗೆಯಲ್ಲಿ ನಡೆಯುವುದು ರಾಮನವಮಿ ಆಗ ಬರುವುದರಿಂದ, ಹವೆ ಹಿತವೆಂದಲ್ಲ. ಆಧಾರ ತಿಥಿ. ಕಲಬುರ್ಗಿಯ ಶರಣಬಸವೇಶ್ವರರ ಜಾತ್ರೆಯೂ ಹಾಗೆಯೇ; ಹೋಳಿಯ ಬಳಿಕ ಐದನೆಯ ದಿನ, ಬಿಸಿಲು ಏರುತ್ತಿರುವಾಗ ತೇರು ಎಳೆಯುತ್ತದೆ. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿ ದಾಸೋಹದಿಂದ ಹೆಸರಾಗಿ 1822ರಲ್ಲಿ ಲಿಂಗೈಕ್ಯರಾದ ಆ ಶರಣರ ನೆನಪಿಗೆ ಕೂಡಿದ ಜನ ಬಿಸಿಲನ್ನು ಲೆಕ್ಕಿಸುವುದಿಲ್ಲ. ಕುಂದಗೋಳದಲ್ಲಿ ಸವಾಯಿ ಗಂಧರ್ವರ ಪುಣ್ಯಸ್ಮರಣೆಯ ಅಹೋರಾತ್ರಿ ಸಂಗೀತವೂ ಮಹಾಗುರುವಿನ ನೆನಪಿನ ಸುತ್ತ ಕಟ್ಟಿದ್ದು. ನಾಡಿಗೇರರ ವಾಡೆಯಲ್ಲಿ ನೆಲದ ಮೇಲೆ ಕುಳಿತು ಕೇಳುವ ಜನರಲ್ಲಿ ಹೊಲದ ಕೆಲಸ ಮುಗಿಸಿ ಬಂದವರೂ ಇರುತ್ತಾರೆ.

ಇವೆಲ್ಲಕ್ಕಿಂತ ಗದಗಿನ ಶ್ರೀ ವೀರೇಶ್ವರ ಪುಣ್ಯಾಶ್ರಮದ ಉದಾಹರಣೆಯು ಪ್ರಕೃತ ವಿಷಯಕ್ಕೆ ಹೆಚ್ಚು ಸಂಗತವಾಗಿದೆ. ಪಂಚಾಕ್ಷರ ಗವಾಯಿಗಳು 1892ರಲ್ಲಿ ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟು ಅಂಧರಾಗಿ ಜನಿಸಿದರು. ಆ ಬಾಲಕನ ಕಂಠವನ್ನು ಗುರುತಿಸಿ ಪೊರೆದವರು 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರ ಶಿವಯೋಗಿಗಳು. ಮಿರಜಿನ ನೀಲಕಂಠಬುವಾ ಅವರಿಂದ ಗ್ವಾಲಿಯರ್ ಪದ್ಧತಿಯ ಶಿಕ್ಷಣ ದೊರೆಯಿತು. ಗವಾಯಿಗಳು ಅಂಧ ಅನಾಥ ಮಕ್ಕಳನ್ನು ಕಟ್ಟಿಕೊಂಡು ಊರೂರು ಅಲೆದರು. ಪಾಠಶಾಲೆಯೇ ಅವರೊಂದಿಗೆ ನಡೆಯುತ್ತಿತ್ತು. ಕೊನೆಗೆ ಗದಗಿನಲ್ಲಿ ನೆಲೆಯಾಯಿತು. 1944ರ ಜೂನ್ 11ರಂದು ಅವರು ಲಿಂಗೈಕ್ಯರಾದರು. ಶಿಷ್ಯ ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವವರೆಗೆ ಆರು ದಶಕಗಳಿಗೂ ಮೀರಿ ಆ ಪರಂಪರೆಯನ್ನು ನಡೆಸಿದರು. ಬಸವರಾಜ ರಾಜಗುರುಗಳಂಥ ಮೇರು ಗಾಯಕರು ಈ ಗುರುಕುಲದ ಕೊಡುಗೆ. ಗುರುವಿನ ಸ್ಮರಣೋತ್ಸವದಲ್ಲಿ ಹಾಡುವವರು ಗುರುವಿನ ಮನೆಯ ಮಕ್ಕಳು. ಕೇಳುವವರು ಅದೇ ಪಂಕ್ತಿಯಲ್ಲಿ ಪ್ರಸಾದಕ್ಕೆ ಕೂಡುವವರು. ಎಳೆಯ ವಿದ್ಯಾರ್ಥಿಯ ತಡವರಿಸುವ ಸ್ವರಕ್ಕೂ ಹಿರಿಯ ವಿದ್ವಾಂಸರ ತಾನಕ್ಕೂ ಅಲ್ಲಿ ಒಂದೇ ಗದ್ದುಗೆ ಸಾಕ್ಷಿ. ದಾಸೋಹವಿಲ್ಲದ ಸಂಗೀತೋತ್ಸವವನ್ನು ಆ ಅಂಗಳದಲ್ಲಿ ಕಲ್ಪಿಸುವುದೂ ಅಶಕ್ಯ.

ಆದರೆ ಮಠದಲ್ಲಿ ಹಾಡಿದ ಮಾತ್ರಕ್ಕೆ ಎಲ್ಲವೂ ಸರಿಯೆಂದು ಹೇಳಿದರೆ ವಿಮರ್ಶೆಯಾಗದು, ಸ್ತುತಿಯಾಗುತ್ತದೆ. ಶಿವನು ನಾದಕ್ಕೂ ಒಲಿಯುವವನಲ್ಲ, ವೇದಕ್ಕೂ ಒಲಿಯುವವನಲ್ಲ, ಭಕ್ತಿಗಷ್ಟೇ ಒಲಿಯುವನೆಂದು ರಾವಣ ಬ್ರಹ್ಮರ ನಿದರ್ಶನ ಕೊಟ್ಟು ಸಾರಿದವರು ಬಸವಣ್ಣನವರೇ. ಒಡಲನ್ನು ವೀಣೆಯಾಗಿಸೆಂದು ಬೇಡಿದ ನಾಲಗೆಯೇ ನಾದಪ್ರಿಯತೆಯನ್ನು ಅಲ್ಲಗಳೆದುದು ವಿರೋಧವೆಂದು ಕೆಲವರಿಗೆ ತೋರುತ್ತದೆ. ವಿರೋಧವಿಲ್ಲ. ನುಡಿಸುವವನು ತಾನೆಂದು ತಿಳಿದ ರಾವಣನ ನಾದ ಒಂದು ಬಗೆ. ನುಡಿಸಿಕೊಳ್ಳುವುದಕ್ಕೆ ಮೈಯೊಡ್ಡಿದ ಭಕ್ತನ ನಾದ ಮತ್ತೊಂದು. ಈ ಭೇದವು ಮಠದ ಅಂಗಳಕ್ಕೂ ಅನ್ವಯಿಸುತ್ತದೆ, ಆಲ್ಪ್ಸ್ ಪರ್ವತದ ಇಗರ್ಜಿಗೂ ಅನ್ವಯಿಸುತ್ತದೆ. ಸಾನೆನ್ನಿನ ಆ ಮೊದಲ ಎರಡು ಸಂಜೆಗಳು ರಾವಣನ ಬಗೆಗಿಂತ ಭಕ್ತನ ಬಗೆಗೇ ಹತ್ತಿರವಾಗಿದ್ದಿರಬೇಕೆಂದು ಊಹಿಸಿದರೆ ತಪ್ಪಾಗಲಾರದು.

ಇನ್ನು ವಚನಗಾಯನದ ಶಿಲ್ಪ. ಇಲ್ಲಿ ಗಮನಿಸಬೇಕಾದ ಮೂಲಸಂಗತಿಯೊಂದಿದೆ. ವಚನಕ್ಕೆ ಪಲ್ಲವಿಯಿಲ್ಲ. ಶರಣರು ಹಾಡಲೆಂದೇ ರಚಿಸಿದ ಪ್ರಕಾರ ಬೇರೆ, ಅವು ಸ್ವರವಚನಗಳು. ಅವುಗಳಿಗೆ ಪಲ್ಲವಿಯಿದೆ, ನುಡಿಗಳಿವೆ, ಹಸ್ತಪ್ರತಿಗಳಲ್ಲಿ ರಾಗತಾಳಗಳ ನಿರ್ದೇಶವಿದೆ. ಮುಂದೆ ಚಿಲಕವಾಡಿಯ ಶಂಭುಲಿಂಗನ ಬೆಟ್ಟವನ್ನು ತಮ್ಮ ತಪಸ್ಸಿನ ನೆಲೆಯನ್ನಾಗಿ ಮಾಡಿಕೊಂಡ ನಿಜಗುಣ ಶಿವಯೋಗಿಗಳ ‘ಕೈವಲ್ಯ ಪದ್ಧತಿ’ಯಲ್ಲಿಯೂ ಪದಗಳಿಗೆ ರಾಗಗಳು ಗೊತ್ತಾಗಿವೆ. (ಕನ್ನಡದಲ್ಲಿ ಬೆಟ್ಟದ ಸಂಗೀತವೆಂದು ಯಾವುದನ್ನಾದರೂ ಕರೆಯಬೇಕಾದರೆ ಈ ಪದಗಳನ್ನು ಕರೆಯಬಹುದು.) ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪನವರ ತತ್ವಪದಗಳೂ ಪಲ್ಲವಿಯುಳ್ಳವು. ಏಕತಾರಿ ತಾಳಗಳೊಂದಿಗೆ ಭಜನೆಯ ಮೇಳವು ನುಡಿ ಮುಗಿದಾಗಲೆಲ್ಲ ಪಲ್ಲವಿಗೆ ಮರಳುವುದು ಆ ಪದಗಳ ಹುಟ್ಟುಗುಣ. ಮರಳಿದಷ್ಟೂ ಅರ್ಥ ಗಟ್ಟಿಯಾಗುತ್ತದೆ. ಒಬ್ಬ ಹಾಡಿದ್ದನ್ನು ಹತ್ತು ಜನ ಹಿಡಿದೆತ್ತಿದಾಗ ಪಲ್ಲವಿಯು ಮೇಳದ ಸ್ವತ್ತಾಗುತ್ತದೆ.

ವಚನದ ಸ್ವಭಾವ ಹೀಗಲ್ಲ. ಅದು ಮಾತು, ಒಂದು ದಿಕ್ಕಿಗೆ ಸಾಗುವ ಮಾತು. ಅದರ ಭಾರವು ಸಾಮಾನ್ಯವಾಗಿ ಕೊನೆಯ ಕಡೆಗೆ, ಅಂಕಿತದ ಸುತ್ತ ಇರುತ್ತದೆ. ಖ್ಯಾಲಿನ ಬಂದಿಶಿಗೆ ಸ್ಥಾಯಿ ಅಂತರಾಗಳಿವೆ. ಗಾಯಕನು ವಿಸ್ತಾರ ಮಾಡಿ ಸ್ಥಾಯಿಯ ಮುಖಕ್ಕೆ ಬಂದು ಸೇರುತ್ತಾನೆ. ಈ ಅಭ್ಯಾಸವನ್ನು ವಚನಕ್ಕೆ ತಂದಾಗ ಮೊದಲ ವಾಕ್ಯವೇ ಸ್ಥಾಯಿಯಾಗುತ್ತದೆ, ಪ್ರತಿ ವಾಕ್ಯದ ಬಳಿಕ ಹಾಡು ಅಲ್ಲಿಗೇ ಮರಳುತ್ತದೆ. ಅಕ್ಕನ ಆ ವಚನವನ್ನೇ ತೆಗೆದುಕೊಂಡರೆ ಪರಿಣಾಮ ಏನು? ಕಡಲ ದಂಡೆಗೆ ಇಳಿದವನನ್ನು ಗಾಯಕನು ಮತ್ತೆ ಬೆಟ್ಟಕ್ಕೆ ಹತ್ತಿಸುತ್ತಾನೆ. ಸಂತೆಗೆ ಬಂದವನನ್ನು ಮತ್ತೆ ಬೆಟ್ಟಕ್ಕೆ. ಸ್ತುತಿನಿಂದೆಯ ಮಾತು ಆಡಿದ ಮೇಲೂ ಮತ್ತೆ ಬೆಟ್ಟಕ್ಕೆ. ಅಕ್ಕನು ಮೆಟ್ಟಿಲಾಗಿ ಕಟ್ಟಿದ್ದು ತಿರುಗುವ ರಾಟೆಯಾಗುತ್ತದೆ. ಸಭೆ ಮುಗಿದಾಗ ಶ್ರೋತೃವಿನ ಕಿವಿಯಲ್ಲಿ ಉಳಿಯುವುದು ಗಿರಿ ಮತ್ತು ಮೃಗ. ಸಮಾಧಾನಿಯಾಗುವ ಮಾತು ಎಲ್ಲಿಯೋ ನಡುವೆ ಒಮ್ಮೆ ಹಾದುಹೋಗಿರುತ್ತದೆ.

ಬೆಟ್ಟದ ಉತ್ಸವದಲ್ಲಿ ಈ ದೋಷವು ಇಮ್ಮಡಿಯಾಗುವ ಸಂಭವವಿದೆ. ಗಿರಿಧಾಮದ ವೇದಿಕೆಗೆ ಈ ವಚನಕ್ಕಿಂತ ಒಪ್ಪುವ ಆರಂಭವಾಕ್ಯ ಮತ್ತೊಂದಿಲ್ಲ. ಹಿನ್ನೆಲೆಯಲ್ಲಿ ನಿಜವಾದ ಬೆಟ್ಟ, ಕಂಠದಲ್ಲಿ ಹಾಡಿನ ಬೆಟ್ಟ. ತಂಪಿನಲ್ಲಿ ಕುಳಿತ ಸಭಿಕರಿಗೆ ಅದು ತಮ್ಮ ವಿಹಾರಕ್ಕೆ ಅಕ್ಕನು ಕೊಟ್ಟ ಒಪ್ಪಿಗೆಯಂತೆ ಕೇಳಿಸಬಹುದು. ಬೆಟ್ಟವನ್ನು ಬಿಟ್ಟಿಳಿಯಲು ಹೇಳಿದ ವಚನವು ಬೆಟ್ಟದ ವರ್ಣನೆಯಾಗಿಬಿಡುತ್ತದೆ. ಇದು ಗಾಯಕನ ಅಶ್ರದ್ಧೆಯಿಂದ ಆಗುವುದಲ್ಲ. ಮುಖಕ್ಕೆ ಮರಳುವ ಪದ್ಧತಿಯಿಂದ, ಜೊತೆಗೆ ಕಾರ್ಯಕ್ರಮದ ವಿನ್ಯಾಸದಿಂದ ಆಗುವುದು. ಎರಡು ತಾಸು ಖ್ಯಾಲು ಹಾಡಿ ದಣಿದ ಮೇಲೆ, ಸಭಿಕರು ಹೊದಿಕೆಗಳನ್ನು ಮಡಿಸುತ್ತಿರುವಾಗ, ಭೈರವಿಯಲ್ಲಿ ಐದು ನಿಮಿಷ ಒಂದು ವಚನ. ಲಘುಸಂಗೀತದ ಪಂಕ್ತಿಯಲ್ಲಿ, ಊಟದ ಕೊನೆಯ ತಾಂಬೂಲದಂತೆ, ವಚನವನ್ನು ಬಡಿಸುವ ಈ ರೂಢಿ ಊರಿನ ಸಭೆಗಳಲ್ಲಿಯೂ ಇದೆ. ಅಲ್ಲಿಯೂ ಅದು ಮೆಚ್ಚತಕ್ಕದ್ದಲ್ಲ.

ಇದಕ್ಕೆ ಪ್ರತಿಯಾಗಿ ಮಲ್ಲಿಕಾರ್ಜುನ ಮನಸೂರರ ವಚನಗಾಯನವನ್ನು ನೆನೆಯಬೇಕು. 1910ರಲ್ಲಿ ಧಾರವಾಡದ ಬಳಿಯ ಮನಸೂರಿನಲ್ಲಿ ಹುಟ್ಟಿ 1992ರಲ್ಲಿ ಲಿಂಗೈಕ್ಯರಾದ ಅವರು ನೀಲಕಂಠಬುವಾ ಅವರಲ್ಲಿಯೇ ಕಲಿತು, ಬಳಿಕ ಮಂಜಿಖಾನ್, ಭುರ್ಜಿಖಾನರಿಂದ ಜೈಪುರ ಅತ್ರೌಲಿ ಘರಾಣೆಯ ವಿದ್ಯೆಯನ್ನು ಪಡೆದವರು. ಪಂಚಾಕ್ಷರ ಗವಾಯಿಗಳಿಗೂ ಮನಸೂರರಿಗೂ ಒಬ್ಬನೇ ಗುರುವೆಂಬುದು ವಚನಗಾಯನದ ಇತಿಹಾಸದಲ್ಲಿ ಅಲಕ್ಷ್ಯ ಮಾಡತಕ್ಕ ಸಂಗತಿಯಲ್ಲ. ಅಪರೂಪದ ಜೋಡು ರಾಗಗಳಲ್ಲಿ ಉಸಿರು ಬಿಡದೆ ಸಾಗುವ ಅವರ ಖ್ಯಾಲಿನ ನಡೆಗೂ ವಚನದ ನಡೆಗೂ ಒಳಸಂಬಂಧವಿದೆ. ಅತ್ರೌಲಿ ಪದ್ಧತಿಯಲ್ಲಿ ಒಂದು ಸ್ವರಪುಂಜವು ಮುಂದಿನದಕ್ಕೆ ದಾರಿ ಮಾಡುತ್ತ ಹೋಗುತ್ತದೆ, ನಿಲುಗಡೆಗಳು ಕಡಿಮೆ. ಅಕ್ಕನು ಕನಸಿನಲ್ಲಿ ಕಂಡ ಜಂಗಮನನ್ನು ಸಖಿಗೆ ಹೇಳುವ ವಚನವನ್ನು ಅವರು ಹಾಡಿದಾಗ ಶ್ರೋತೃವಿಗೆ ಎದುರಾಗುವುದು ಅಲಂಕಾರವಲ್ಲ, ಹೇಳುವ ಆತುರ. ಪದವನ್ನು ತಾನಕ್ಕಾಗಿ ಒಡೆಯುವ ಚಪಲ ಅಲ್ಲಿಲ್ಲ. ಮರಳುವಿಕೆ ಅಲ್ಲಿಯೂ ಇದೆ. ಆದರೆ ಸಖಿಯನ್ನು ಮತ್ತೆ ಮತ್ತೆ ಕರೆಯುವುದು ಆ ವಚನದ ಸಂದರ್ಭಕ್ಕೆ ಒಪ್ಪುತ್ತದೆ, ಏಕೆಂದರೆ ಕನಸು ಕಂಡವರು ಹಾಗೆಯೇ ಮಾತಾಡುತ್ತಾರೆ. ಆರಂಭಕ್ಕೆ ಮರಳುವುದು ಎಲ್ಲೆಡೆಯೂ ದೋಷವಲ್ಲ. ಯಾವ ವಚನ ಮರಳುವಿಕೆಯನ್ನು ಸಹಿಸುತ್ತದೆ, ಯಾವುದು ಸಹಿಸುವುದಿಲ್ಲ ಎಂಬ ವಿವೇಕವು ರಾಗಜ್ಞಾನದಿಂದ ಬರುವುದಿಲ್ಲ. ವಚನದ ಓದಿನಿಂದ ಬರುತ್ತದೆ. ಧಾರವಾಡದ ಮುರುಘಾಮಠದ ಪರಿಸರದಲ್ಲಿ ಬೆಳೆದ ಮನಸೂರರಿಗೆ ಆ ಓದು ಕಿವಿಯ ಮೂಲಕವೇ ದಕ್ಕಿತ್ತು.

ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿಯವರೂ ವಚನವನ್ನು ಗಂಭೀರ ಸಂಗೀತದ ಮಟ್ಟಕ್ಕೆ ಒಯ್ದವರಲ್ಲಿ ಪ್ರಮುಖರು. ಅವರ ನಂತರದವರಲ್ಲಿ ಕಂಠಸಂಪತ್ತಿಗೆ ಕೊರತೆಯಿಲ್ಲ. ಕೊರತೆಯಿರುವುದು ಸಾಹಿತ್ಯದ ಅಭ್ಯಾಸಕ್ಕೆ. ಅಂಕಿತವನ್ನು ಅವಸರದಲ್ಲಿ ನುಂಗಿ, ಮೊದಲ ಪದವನ್ನು ಹತ್ತು ಸಲ ಹೊಳಪಿಸುವ ಗಾಯನ ಇಂದು ಸಾಮಾನ್ಯವಾಗಿದೆ.

ಹಾಗಾದರೆ ಗಿರಿಯಲ್ಲಿ ಉತ್ಸವ ಕೂಡದೆಂಬುದು ಸಿದ್ಧಾಂತವೆ? ಅಲ್ಲ. ಅಕ್ಕನು ಗಿರಿಯಲ್ಲಿ ಮನೆ ಮಾಡಬೇಡವೆಂದಿಲ್ಲ. ಮಾಡಿದ ಮೇಲೆ ಅಂಜಬೇಡವೆಂದಳು. ಗ್ಸ್ಟಾಡಿನವರಿಂದ ಕಲಿಯತಕ್ಕದ್ದೂ ಇದೆ: ಮೊದಲ ವರ್ಷದ ಮಿತತ್ವ, ಊರಿನ ಗುಡಿಯನ್ನು ಬಿಡದ ನಿಷ್ಠೆ, ಎಳೆಯರ ಶಿಕ್ಷಣ. ಕನ್ನಡ ನಾಡಿನಲ್ಲಿ ಅಂಥದೊಂದು ನಡೆಯುವುದಾದರೆ ಅದಕ್ಕೆ ಹವೆಯ ನಿಮಿತ್ತ ಸಾಲದು, ತಿಥಿಯ ನಿಮಿತ್ತ ಬೇಕು. ಚೈತ್ರದ ಹುಣ್ಣಿಮೆಯನ್ನು ಅಕ್ಕಮಹಾದೇವಿಯ ಜಯಂತಿಯೆಂದು ಆಚರಿಸುವ ರೂಢಿ ನಾಡಿನಲ್ಲಿದೆ. ಅಂದು ವಚನವು ಕಛೇರಿಯ ಬಾಲವಾಗದೆ ಕಛೇರಿಯೇ ಆಗಬಹುದು. ಹಾಡುವ ಮೊದಲು ಒಬ್ಬರು ವಚನವನ್ನು ಆದ್ಯಂತವಾಗಿ, ರಾಗವಿಲ್ಲದೆ, ವಾಕ್ಯದ ನಿಲುಗಡೆ ತಪ್ಪದಂತೆ ಓದಲಿ. ತರುವಾಯ ಗಾಯಕನು ತನಗೊಲಿದ ರಾಗದಲ್ಲಿ ಹಾಡಲಿ, ವಿಸ್ತಾರ ಮಾಡಲಿ, ಬೇಕಾದಷ್ಟು ಸಲ ಮೊದಲಿಗೆ ಮರಳಲಿ. ಆದರೆ ಹಾಡು ನಿಲ್ಲುವ ಸ್ಥಳ ಮಾತ್ರ ಬೆಟ್ಟದ ಸಾಲಾಗದಿರಲಿ. ಅಂಕಿತವನ್ನು ಕರೆದ ಬಳಿಕ ಅಕ್ಕನು ಹೇಳಿ ಮುಗಿಸಿದ ಮಾತಾಗಲಿ, ಆಮೇಲೆ ತಂಬೂರಿಯೊಂದೇ ಒಂದೆರಡು ಆವರ್ತ ನುಡಿದು ನಿಲ್ಲಲಿ.